ಬಿಸಿಗಾರೆ

ಬೆಳಗಿನ ಚಹಾ ಇನ್ನೂ ಅರ್ಧ ಲೋಟ ಉಳಿದಿರುವಾಗಲೇ ಮಾಳಿಗೆಯ ಮೇಲೆ ‘ಟಿಕ್’ ಎಂದು ಸದ್ದಾಯಿತು. ಆಮೇಲೆ ಜಿನುಗುವ ಸದ್ದು. ಸ್ವಲ್ಪ ಹೊತ್ತಿಗೆ, ರಾತ್ರಿಯೆಲ್ಲ ಬಿದ್ದು ಗುಡ್ಡೆಯಾಗಿದ್ದ ಹಿಮ ತುಸು ಇಳಿಜಾರಾದ ಮಾಳಿಗೆಯ ಮೇಲಿಂದ ಜಾರಿ ಧೊಪ್ಪನೆ ಹಿತ್ತಿಲಿಗೆ ಬಿತ್ತು. ಡಾ. ಮಹಾನಂದಾ ಹಾಸಿಗೆ ಬಿಟ್ಟು ಏಳಲಿಲ್ಲ.

“ಹೋಗು, ಪೀಡಾ!” ಎಂದಳು ಹಿಮಕ್ಕೆ, ಕನ್ನಡದಲ್ಲಿ. ಗಂಡ ರಿಗ್ಜಿನ್ ನಕ್ಕ. ಇಷ್ಟು ವರ್ಷದ ಸಂಸಾರದಲ್ಲಿ ಅವನಿಗೆ ಕನ್ನಡದ ಬೈಗುಳಗಳಷ್ಟೂ ಬಾಯಿಪಾಠವಾಗಿದ್ದವು.

ಇಳಕಲ್ಲಿನ ಮಹಾನಂದಾ ಹಿಮಾಲಯದ ಲಾಹೌಲ್ ಕಣಿವೆಯ ಈ ಹಳ್ಳಿಗೆ ದನದ ಡಾಕ್ಟರಾಗಿ ಬಂದು, ಇಲ್ಲಿಯವನನ್ನೇ ಮದುವೆಯಾಗಿದ್ದಳು. ಊರು ಒಗ್ಗಿತ್ತು. ಊಟವೂ ಒಗ್ಗಿತ್ತು. ಚಳಿಗಾಲ ಮಾತ್ರ ಒಗ್ಗಲಿಲ್ಲ. ದೀಪಾವಳಿ ಮುಗಿಯುತ್ತಿದ್ದಂತೆ ಬಂದು ಕೂತ ಹಿಮ ಯುಗಾದಿ ದಾಟಿದರೂ ಏಳುತ್ತಿರಲಿಲ್ಲ. ಮೊದಲೆಲ್ಲ ದಿನಾ ಬೆಳಿಗ್ಗೆ ಸಲಿಕೆ ಹಿಡಿದು ಮಾಳಿಗೆ ಹತ್ತಬೇಕು. ಇಲ್ಲವಾದರೆ ಭಾರಕ್ಕೆ ತೊಲೆ ಮುರಿಯುತ್ತದೆ. ಮಾಳಿಗೆಯದನ್ನು ತಳ್ಳಿದರೆ ಅದು ಬಾಗಿಲಿಗೆ ಅಡ್ಡ. ಬಾಗಿಲು ಬಿಡಿಸಿಕೊಂಡರೆ ಕೊಟ್ಟಿಗೆಯ ದಾರಿ ಮುಚ್ಚಿರುತ್ತದೆ. ಕೊಟ್ಟಿಗೆ ಮುಟ್ಟುವಷ್ಟರಲ್ಲಿ ಮತ್ತೆ ಬೀಳತೊಡಗುತ್ತದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಮಂಗಳ ಗ್ರಹದಲ್ಲಿ ಮನುಷ್ಯರು ತರಕಾರಿ ಬೆಳೆಯುತ್ತಿದ್ದ ಕಾಲ ಅದು. ಇಲ್ಲಿ ಹಿಮ ಎತ್ತುವುದಕ್ಕೆ ಇನ್ನೂ ಮರದ ಸಲಿಕೆ!

ಆ ಸಲಿಕೆಯನ್ನು ಮೂಲೆಗೆ ಹಾಕಿಸಿದವಳು ಕೆಳಗಿನ ಪಟ್ಟಣದ ಸಂಶೋಧನಾ ಕೇಂದ್ರದ ಡಾ. ಇಂಚರಾ, ಮಂಡ್ಯದ ಹುಡುಗಿ. ಅವಳು ಕಂಡುಹಿಡಿದ ಗಾರೆಯಲ್ಲಿ ಜೇನುಗೂಡಿನಂಥ ಸಾವಿರಾರು ಗೂಡುಗಳಿದ್ದವು. ಗೂಡಿನೊಳಗಿನ ವಿಶೇಷ ಲವಣ ಬೇಸಿಗೆಯ ಬಿಸಿಲಿಗೆ ಕರಗಿ ನೀರಾಗುತ್ತಿತ್ತು. ಬಳಿಕ ಎಷ್ಟೇ ಚಳಿ ಬಿದ್ದರೂ, ಯಾರೂ ಕದಲಿಸದಿದ್ದರೆ ಅದು ಗಟ್ಟಿಯಾಗುತ್ತಿರಲಿಲ್ಲ. ಒಂದು ಸಣ್ಣ ವಿದ್ಯುತ್ ಚುಚ್ಚು ತಗುಲಿದರೆ ಸಾಕು, ಥಟ್ಟನೆ ಹರಳುಗಟ್ಟಿ, ಬೇಸಿಗೆಯಲ್ಲಿ ನುಂಗಿದ್ದ ಬಿಸಿಯನ್ನೆಲ್ಲ ಹೊರಗೆ ಕಕ್ಕುತ್ತಿತ್ತು. ಮಾಳಿಗೆಯ ಮೇಲೆ ಹಿಮದ ಭಾರ ಹೆಚ್ಚಿದಾಗ ಕೆಲವು ಗೂಡುಗಳಿಗೆ ತಾನೇ ಚುಚ್ಚುವ ಏರ್ಪಾಡೂ ಇತ್ತು. ಊರಿನವರು ಅದನ್ನು ಮಾಳಿಗೆಗೂ ದಾರಿಗೂ ಬಳಿಸಿಕೊಂಡರು. ಮಹಾನಂದಾ ಇಂಚರಾಳನ್ನು ತಬ್ಬಿಕೊಂಡು, “ನಿನ್ನ ಹೆಸರೀಲೆ ಹೋಳಿಗಿ ಮಾಡ್ತೀನಿ ನೋಡವ್ವಾ,” ಎಂದು, ಮಾಡಿಯೂ ಮಾಡಿದಳು.

ಅದು ಗಾರೆಯ ಎರಡನೆಯ ಚಳಿಗಾಲ. ಹಿಮ ಜಾರಿ ಬಿದ್ದ ಆ ಬೆಳಿಗ್ಗೆ ಚಹಾ ಮುಗಿದರೂ ಪಕ್ಕದ ಕೊಟ್ಟಿಗೆಯ ಹಸು ಅರಚುವುದನ್ನು ನಿಲ್ಲಿಸಲಿಲ್ಲ. ಅದು ಫುಂಚೋಗ್ ತಾತನ ಹಸು. ಒಬ್ಬಂಟಿ ಮುದುಕ. ಹಿಂದಿನ ಸಂಜೆಯಿಂದಲೂ ಅರಚಾಟ.

“ಹಾಲು ಹಿಂಡಾಕೂ ಆಳು ಇಡಬೇಕೇನ ಈ ಮುದುಕಗ!” ಎಂದು ಗೊಣಗುತ್ತ ಮಹಾನಂದಾ ಶಾಲು ಹೊದ್ದು ಹೊರಟಳು. ಕೆಚ್ಚಲು ಬಿಗಿದು ಕಲ್ಲಾಗಿತ್ತು. ಬೈಯಬೇಕೆಂದೇ ಮನೆಯ ಬಾಗಿಲು ನೂಕಿದಳು. ತಾತ ಒಲೆಯ ಪಕ್ಕ ಬಿದ್ದಿದ್ದ. ಸೊಂಟದ ಮೂಳೆ ಮುರಿದಿತ್ತು, ತುಟಿ ಒಣಗಿ ಬಿರಿದಿತ್ತು. ಒಲೆ ಯಾವಾಗಲೋ ಆರಿಹೋಗಿತ್ತು.

“ನಿಮ್ಮೆಲ್ಲರ ಹೆಸರು ಹಿಡಿದು ಕೂಗಿದೆ,” ಎಂದ ತಾತ, ಸಿಟ್ಟಿನಿಂದ. “ಒಬ್ಬರಾದರೂ ಬರಬಾರದೆ?”

ಮಾಳಿಗೆಯ ಬಿಸಿ ಇಲ್ಲದಿದ್ದರೆ ಆ ಚಳಿಗೆ ಅವನು ಉಳಿಯುತ್ತಿರಲಿಲ್ಲ. ರಿಗ್ಜಿನ್ ಮತ್ತಿತರರು ಅವನನ್ನು ಆಸ್ಪತ್ರೆಗೆ ಹೊತ್ತು ಒಯ್ದದ್ದೂ ಗಾರೆ ಬಳಿದ, ಹಿಮವಿಲ್ಲದ ದಾರಿಯಲ್ಲೇ. ಮಹಾನಂದಾ ಅದನ್ನೆಲ್ಲ ಬಲ್ಲಳು. ಆದರೂ ಆ ಸಂಜೆ ಮಾಳಿಗೆಯ ಮೇಲೆ ನಿಂತು ಊರನ್ನು ನೋಡಿದಾಗ ಅವಳಿಗೆ ಉರಿದುಹೋಯಿತು. ಎಲ್ಲ ಮಾಳಿಗೆಗಳೂ ಚೊಕ್ಕಟ, ಎಲ್ಲವೂ ಖಾಲಿ. ಮೊದಲಾದರೆ ಬೆಳಕು ಹರಿಯುವಾಗ ಮಾಳಿಗೆಗೊಬ್ಬರು ಸಲಿಕೆ ಹಿಡಿದು ನಿಂತು ಒಬ್ಬರಿಗೊಬ್ಬರು ಕೂಗಿ ಮಾತಾಡುತ್ತಿದ್ದರು. ಯಾವ ಮಾಳಿಗೆಯ ಹಿಮ ಹಾಗೇ ಉಳಿದಿದೆಯೋ ಆ ಮನೆಗೆ ಯಾರಾದರೂ ಓಡುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಈಗ ಒಳಗೆ ಯಾರು ಸತ್ತರೂ ಆ ಮಾಳಿಗೆ ಬದುಕಿದ್ದವರ ಮಾಳಿಗೆಯಷ್ಟೇ ಚೊಕ್ಕಟ.

ಸುದ್ದಿ ತಿಳಿದು ಇಂಚರಾ ಮಾರನೆಯ ದಿನವೇ ಬಂದಳು. ಮುಖ ಬಾಡಿತ್ತು.

“ಅಕ್ಕಾ, ಒಂದು ಕೈಪಟ್ಟಿ ಮಾಡ್ಕೊಡ್ತೀನಿ. ಬಿದ್ದ ತಕ್ಷಣ ನಮ್ ಕೇಂದ್ರಕ್ಕೆ ಗೊತ್ತಾಗುತ್ತೆ.”

“ಗೊತ್ತಾಗಿ? ನೀ ಅಲ್ಲಿಂದ ಹಾರಿ ಬರ್ತೀ? ಬಾಜೂ ಮನಿಯಾಗ ನಾ ಇದ್ದೆನಲ್ಲ, ಕಿವಿ ಇತ್ತಲ್ಲ ನನಗ!”

“ಮತ್ತೇನ್ ಮಾಡ್ಲಿ? ಗಾರೆ ಕಿತ್ತಾಕ್ಲಾ? ಸಲಿಕೆನೇ ಬೇಕಾ ನಿಮ್ಗೆ?”

“ಸಲಿಕಿ ಹೆಸರ ತಗೀಬ್ಯಾಡ!” ಎಂದು ಮಹಾನಂದಾ ಕಿರುಚಿದಳು. “ನನ್ನ ರಟ್ಟಿ ಕೇಳು, ಹೇಳ್ತಾವ. ಸಲಿಕಿನೂ ಬ್ಯಾಡ, ಈ ಸುಡುಗಾಡು ಸುಮ್ಮನಿರೂದೂ ಬ್ಯಾಡ!”

ಇಂಚರಾ ಚೀಲ ಎತ್ತಿಕೊಂಡು ಎದ್ದಳು. ಅವಳ ಕೈ ಹಿಡಿದು ಕೂರಿಸಿ ಮಹಾನಂದಾ, “ಆ ತಾನೇ ಚುಚ್ಚೂದು ಐತಲ್ಲ, ಅದನ್ನ ತಗದು ಒತ್ತೂ ಗುಂಡಿ ಇಡಾಕ ಬರ್ತದೇನು? ನಮ್ಮನಿ ಗುಂಡಿ ನಮ್ಮನ್ಯಾಗ ಅಲ್ಲ. ಬಾಜೂ ಮನ್ಯಾಗ,” ಎಂದಳು.

ಇಂಚರಾ ಕಣ್ಣರಳಿಸಿದಳು. ಜಗತ್ತಿನಲ್ಲಿ ಯಾವ ವಿಜ್ಞಾನಿಯೂ ತನ್ನ ಯಂತ್ರವನ್ನು ಬೇಕೆಂದೇ ಹೀಗೆ ತೊಡಕಾಗಿಸಿರಲಿಕ್ಕಿಲ್ಲ. ಆದರೆ ವಾರ ಕಳೆಯುವುದರೊಳಗೆ ತಂತಿಗಳನ್ನು ಬದಲಿಸಿದಳು. ತೊಲೆಗೆ ಅಪಾಯವಾಗುವಷ್ಟು ಭಾರ ಬಿದ್ದರೆ ಮಾತ್ರ ಗಾರೆ ತಾನಾಗಿ ಎಚ್ಚರಗೊಳ್ಳುತ್ತಿತ್ತು. ಅಲ್ಲಿಯವರೆಗೆ ಪಕ್ಕದ ಮನೆಯವರು ಗುಂಡಿ ಒತ್ತಬೇಕು. ಒತ್ತಿಸಿಕೊಳ್ಳಲು ಯಾರೂ ಬರದಿದ್ದರೆ ಹೋಗಿ ನೋಡಬೇಕು.

ಮಹಾನಂದಾಳ ದುರದೃಷ್ಟಕ್ಕೆ ಅವಳ ಗುಂಡಿ ಕೂತದ್ದು ಇನ್ನೊಂದು ಪಕ್ಕದ ಮನೆಯ ಆಂಗ್ಮೋಳ ಗೋಡೆಗೆ. ಕಾಲುವೆಯ ನೀರಿನ ಜಗಳದಲ್ಲಿ ಅವಳೊಡನೆ ಮಾತು ಬಿಟ್ಟು ಮೂರು ಬೇಸಿಗೆಗಳಾಗಿದ್ದವು. ಈಗ ಹಿಮ ಬಿದ್ದಾಗಲೆಲ್ಲ ಅವಳ ಬಾಗಿಲಿಗೇ ಹೋಗಬೇಕು.

“ಒತ್ತು,” ಎನ್ನುತ್ತಿದ್ದಳು ಮಹಾನಂದಾ, ಹೊಸ್ತಿಲಾಚೆ ನಿಂತು.

“ಚಹಾ ಕುಡಿದರೆ ಒತ್ತುತ್ತೇನೆ,” ಎನ್ನುತ್ತಿದ್ದಳು ಆಂಗ್ಮೋ.

ಅದು ಉಪ್ಪು, ಬೆಣ್ಣೆ ಹಾಕಿದ ಚಹಾ. ಊರಿನ ಊಟವೆಲ್ಲ ಒಗ್ಗಿದರೂ ಇದೊಂದು ಮಾತ್ರ ಮಹಾನಂದಾಳ ಗಂಟಲಿಳಿಯುತ್ತಿರಲಿಲ್ಲ. ಮೂಗು ಮುಚ್ಚಿಕೊಂಡು ಕುಡಿದಳು. ಫೆಬ್ರವರಿಯ ಹೊತ್ತಿಗೆ ಆಂಗ್ಮೋಳ ಗೂರಲು ಕೆಮ್ಮು ಹೆಚ್ಚಾದದ್ದನ್ನು ಮೊದಲು ಗಮನಿಸಿದವಳೂ ಅವಳೇ. “ದನಕ್ಕಾದರೆ ಸೂಜಿ ಹಾಕುತ್ತಿದ್ದೆ. ನಿನ್ನನ್ನು ಆಸ್ಪತ್ರೆಗೇ ಎಳೆದುಕೊಂಡು ಹೋಗಬೇಕಲ್ಲ,” ಎಂದು ಗದರಿಸಿ, ಎಳೆದುಕೊಂಡೇ ಹೋದಳು.

ಹಿಮ ಕರಗುವ ಕಾಲಕ್ಕೆ ಇಂಚರಾ ಮತ್ತೆ ಬಂದಾಗ ಇಬ್ಬರೂ ಮಾಳಿಗೆಯ ಮೇಲೆ ಬಿಸಿಲು ಕಾಯಿಸುತ್ತ ಕೂತರು. ಫುಂಚೋಗ್ ತಾತ ಕೆಳಗೆ ಕೋಲೂರಿಕೊಂಡು ಹಸುವನ್ನು ಬೈಯುತ್ತಿದ್ದ.

“ಗುಂಡಿ ಪಕ್ಕದ್ ಮನೇಲಿಡೋದು ನಿಮ್ಗೆ ಹೆಂಗ್ ಹೊಳೀತು ಅಕ್ಕಾ?”

ಮಹಾನಂದಾ ಹೇಳಿದಳು. “ಇಳಕಲ್ಲಾಗ ನಾ ಸಣ್ಣಾಕಿ ಇದ್ದಾಗ, ಬ್ಯಾಸಗ್ಯಾಗ ಓಣಿ ಮಂದಿಯೆಲ್ಲಾ ಮಾಳಗಿ ಮ್ಯಾಲ ಮಲಗತಿದ್ರು. ಈ ಮಾಳಗೀಲಿಂದ ಆ ಮಾಳಗೀಗೆ ಮಾತು, ನಗಿ. ಯಾರಿಗೆ ಜ್ವರ, ಯಾರ ಮನ್ಯಾಗ ಜಗಳ, ಎಲ್ಲಾ ಗೊತ್ತು. ಆಮ್ಯಾಲ ಮನಿಮನಿಗೆ ಏಸಿ ಬಂದ್ವು. ಒಂದೇ ಬ್ಯಾಸಗ್ಯಾಗ ಕಿಡಕಿ ಬಾಗಲಾ ಎಲ್ಲಾ ಮುಚ್ಚಿದ್ವು.”

“ಅವಾಗ ಯಾರೂ ಏನೂ ಅನ್ಲಿಲ್ವಾ?”

“ಏನಂತಾರ?” ಎಂದಳು ಮಹಾನಂದಾ. “ಒಳಗ ತಂಪಿತ್ತು. ಎಲ್ಲಾರೂ ಛಲೋ ನಿದ್ದಿ ಮಾಡಿದ್ವಿ.”