ಊರಿನ ನೋವು ಕೀಳುವ ಮಾಂತ್ರಿಕ

ಬಹಳ ಬಹಳ ಹಿಂದೆ, ಬೆಟ್ಟಗಳಾಚೆಯ ಬೆಟ್ಟಗಳನ್ನೂ ದಾಟಿದರೆ, ಬೆಳ್ಮಂಜು ಎಂಬ ರಾಜ್ಯವಿತ್ತು. ಅಲ್ಲಿ ಹೊಗೆ ಮೇಲೇರುತ್ತಿರಲಿಲ್ಲ, ನೀರಿನ ಹಾಗೆ ಬೀದಿಯಲ್ಲಿ ಹರಿದುಹೋಗುತ್ತಿತ್ತು. ಜನರಿಗಿಂತ ಮೊದಲು ಅವರ ನೆರಳುಗಳು ಎದ್ದು ಅಂಗಳ ಗುಡಿಸುತ್ತಿದ್ದವು. ಚಳಿಯನ್ನಂತೂ ಕೇಳಲೇಬೇಡಿ. ರಾಜನ ಮೀಸೆ ಬೆಳಿಗ್ಗೆ ಹೆಪ್ಪುಗಟ್ಟಿ ಮುರಿದು ಬೀಳುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಮತ್ತೆ ಬೆಳೆಯುತ್ತಿತ್ತು.

ಮೀಸೆ ಕಳೆದುಕೊಂಡು ಕಳೆದುಕೊಂಡು ಬೇಸತ್ತ ರಾಜ ಬಿಸಿಲುನಾಡಿನಿಂದ ಕಂಬಳಿ ನೇಯುವವರನ್ನು ಕರೆಸಿದ. ಹಾಗೆ ಬಂದವರಲ್ಲಿ ಮಾಳಿಂಗನೂ ಒಬ್ಬ. ಅವನನ್ನು ಯಾರೂ ಎಳೆದು ತರಲಿಲ್ಲ, ದೇಶ ನೋಡುವ ಆಸೆಗೆ ತಾನಾಗಿ ಬಂದ. ರಾಜ ಮನೆ ಕೊಟ್ಟ, ಮಗ್ಗ ಕೊಟ್ಟ, ಬೇಕಾದಷ್ಟು ಸೌದೆ ಕೊಟ್ಟ. ಅಲ್ಲಿನ ಮಾತನ್ನೂ ಮಾಳಿಂಗ ಬೇಗ ಕಲಿತ. ಕಲಿಯದೆ ಉಳಿದದ್ದು ಅಲ್ಲಿನ ರೀತಿ ರಿವಾಜು.

ಮೊದಲ ಬೆಳಿಗ್ಗೆ ಪಕ್ಕದ ಮನೆಯ ಮುದುಕಿ ಓರ್ಲೆ ಎದುರಾದಳು. ನಮ್ಮವರು ಯಾರಾದರೂ ಕೇಳುವ ಹಾಗೆ ಮಾಳಿಂಗ ಕೇಳಿದ, "ಊಟ ಆತೇನಬೇ?"

ಓರ್ಲೆ ಒಳಗೆ ಹೋಗಿ ತಟ್ಟೆ ತಂದು ಅವನ ಕಟ್ಟೆಯ ಮೇಲೆ ಕೂತಳು. ಮಾಳಿಂಗನಿಗೆ ಇದೇನೆಂದು ತಿಳಿಯಲಿಲ್ಲ. ಮಗ್ಗದ ಸಾಮಾನು ತರಲು ಹೊರಟವನು ದಾರಿಯಲ್ಲಿ ಸಿಕ್ಕ ಸಿಕ್ಕವರನ್ನೆಲ್ಲ ಅದನ್ನೇ ಕೇಳುತ್ತಾ ಹೋದ. ಮರಳಿ ಬಂದು ನೋಡಿದರೆ ಬೀದಿಗೆ ಬೀದಿಯೇ ತಟ್ಟೆ ಹಿಡಿದು ಅವನ ಬಾಗಿಲಲ್ಲಿ ಕೂತಿದೆ! ಆ ರಾಜ್ಯದ ಕಟ್ಟಳೆ ಹಾಗೆ. ಊಟ ಆಯಿತೇ ಎಂದು ಕೇಳಿದವನು ಬಡಿಸಲೇಬೇಕು, ಕೇಳಿಸಿಕೊಂಡವನು ಉಣ್ಣಲೇಬೇಕು, ಮತ್ತು ಉಂಡವನು ಆ ಮನೆಯಿಂದ ಒಂದು ಕಡ್ಡಿಯನ್ನೂ ಒಯ್ಯುವಂತಿಲ್ಲ. ಊರಿಂದ ತಂದ ಜೋಳದ ಹಿಟ್ಟೆಲ್ಲ ಅವತ್ತೇ ಖಾಲಿಯಾಯಿತು.

ಅಂದಿನಿಂದ ಮಾಳಿಂಗ ಯಾರನ್ನೂ ಏನನ್ನೂ ಕೇಳದೆ ಬಾಯಿ ಹೊಲಿದುಕೊಂಡ. ಆಗ ಎದೆಯಲ್ಲಿ ಒಂದು ನೋವು ಶುರುವಾಯಿತು. ಯಾರೂ ಬೈದಿಲ್ಲ, ಯಾರೂ ಹೊಡೆದಿಲ್ಲ, ಹೊಟ್ಟೆಗೆ ಕಡಿಮೆಯಿಲ್ಲ. ಮತ್ಯಾಕೆ ಅಳು? ಮಗ್ಗದ ಲಾಳಿ ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಡುತ್ತಿದ್ದ. ತನಗೇನಾಗಿದೆಯೆಂದು ತನಗೇ ಗೊತ್ತಾಗುತ್ತಿರಲಿಲ್ಲ.

ಆ ರಾಜ್ಯದಲ್ಲಿ ಮರೆವಯ್ಯ ಎಂಬ ಮಾಂತ್ರಿಕನಿದ್ದ. ಅರಮನೆಗೆ ಬಿಳಿ ಉಣ್ಣೆ ಕೊಡುವವನು ಅವನೇ. ಅವನು ಬಂದು ಬಾಗಿಲಲ್ಲಿ ನಿಂತು ನಕ್ಕ. "ಅದು ಊರಿನ ನೋವು ಕಣಪ್ಪ. ಮೂರೇ ಎಳೆತಕ್ಕೆ ಕಿತ್ತುಹಾಕುತ್ತೇನೆ. ಮೂರು ಸಲವೂ ನಾನು ಕೇಳಿದ್ದನ್ನು ಕೊಡುತ್ತೇನೆಂದು ಮಾತು ಕೊಡು."

ನೋವಿದ್ದವನಿಗೆ ಯೋಚನೆ ಎಲ್ಲಿಯದು? ಮಾಳಿಂಗ ಮಾತು ಕೊಟ್ಟೇಬಿಟ್ಟ.

ಮೊದಲ ಸಲ ಮರೆವಯ್ಯ ಅವನ ಊರಿನ ವಾಸನೆಗಳನ್ನು ಎಳೆದು ತನ್ನ ಜೋಳಿಗೆಗೆ ತುಂಬಿಕೊಂಡ. ಸುಡುವ ರೊಟ್ಟಿಯ ವಾಸನೆ ಹೋಯಿತು, ಮಗ್ಗದ ಹಾಸುನೂಲಿಗೆ ಬಳಿಯುವ ಹುಣಸೆಬೀಜದ ಗಂಜಿಯ ವಾಸನೆ ಹೋಯಿತು. ಎದೆ ತುಸು ಹಗುರವಾಯಿತು. ಆದರೆ ಅವತ್ತಿನಿಂದ ಗಂಜಿ ಹಳಸಿದೆಯೋ ಹದವಾಗಿದೆಯೋ ತಿಳಿಯದೆ ನೂಲು ಪದೇ ಪದೇ ಹರಿಯತೊಡಗಿತು.

ಎರಡನೆಯ ಸಲ ಹೆಸರುಗಳನ್ನು ಎಳೆದುಕೊಂಡ. ಊರಿನ ಹೆಸರು, ಗೆಳೆಯರ ಹೆಸರು, ಮನೆಯ ನಾಯಿಯ ಹೆಸರು, ಎಲ್ಲ ಹೋದವು. ಎದೆ ಇನ್ನಷ್ಟು ಹಗುರವಾಯಿತು. ಮಾಳಿಂಗನಿಗೆ ಇದು ಸುಖವೋ ಏನೋ ಎಂದು ಅನುಮಾನವಾಯಿತು, ಯಾಕೆಂದರೆ ಸುಖಕ್ಕೂ ಒಂದು ರುಚಿ ಇರಬೇಕಲ್ಲ.

ಮರುದಿನ ಉಣ್ಣೆ ತರಲು ಮರೆವಯ್ಯನ ದೊಡ್ಡಿಗೆ ಹೋದ. ಅಲ್ಲಿ ಬಿಳಿ ಕುರಿಗಳು ನಿಂತಿದ್ದವು. ಒಂದೂ ಬ್ಯಾ ಎನ್ನುತ್ತಿರಲಿಲ್ಲ. ಒಂದು ಕುರಿಯ ಕಿವಿಯಲ್ಲಿ ಹಿತ್ತಾಳೆಯ ಒಂಟಿ ಇತ್ತು. ಆ ಒಂಟಿಯನ್ನು ಎಲ್ಲೋ ನೋಡಿದ್ದೇನೆ, ಯಾರದೋ ಕಿವಿಯಲ್ಲಿ, ಯಾರದು? ನಾಲಿಗೆಯ ತುದಿಗೆ ಬಂದ ಹೆಸರು ನಾಲಿಗೆಯ ಮೇಲೆ ಬರಲಿಲ್ಲ. ಕುರಿ ಅವನನ್ನು ನೋಡಿತು, ಅವನು ಕುರಿಯನ್ನು ನೋಡಿದ. ಇಬ್ಬರಿಗೂ ಇಬ್ಬರ ಗುರುತು ಹತ್ತಲಿಲ್ಲ.

"ಹುಚ್ಚಪ್ಪಾ, ಅವು ಕುರಿಗಳಲ್ಲ," ಎಂದಳು ಓರ್ಲೆ, ಮನೆಗೆ ಮರಳಿ ಕುರಿಯ ಸುದ್ದಿ ಹೇಳಿದವನ ಪೆಚ್ಚುಮೋರೆ ನೋಡಿ. "ನಿನ್ನ ಹಾಗೆಯೇ ಪರದೇಶದಿಂದ ಬಂದವರು. ಮೂರನೆಯ ಸಲ ಅವನು ತಾಯಿಯ ಮುಖ ಕೇಳುತ್ತಾನೆ. ಅದನ್ನೂ ಕೊಟ್ಟವರು ನಾಲ್ಕು ಕಾಲಲ್ಲಿ ಮನೆ ಬಿಟ್ಟರು."

"ಮಾತು ಕೊಟ್ಟೀನಲ್ಲಬೇ, ಇನ್ನ ಏನು ಮಾಡ್ಲಿ?"

"ನನಗೇನು ಗೊತ್ತು! ನಾನು ಹುಟ್ಟಿದ ಮನೆಯಲ್ಲೇ ಮುದುಕಿಯಾದವಳು," ಎಂದು ಓರ್ಲೆ ಕಣ್ಣೊರೆಸಿಕೊಂಡಳು.

ಬೆಳಗಾಯಿತು. ಮಾಳಿಂಗ ಅಲ್ಲಿ ಸಿಕ್ಕ ಹಿಟ್ಟಿನಲ್ಲೇ ರೊಟ್ಟಿ ತಟ್ಟುತ್ತಾ ಅವ್ವನ ಮುಖವನ್ನು ಮತ್ತೆ ಮತ್ತೆ ನೆನೆದ. ಕೊಡಬಾರದು ಅನ್ನಿಸಿತು. ಕೊಟ್ಟರೆ ಈ ಗೋಳಾದರೂ ಮುಗಿಯುತ್ತದೆ ಅಂತಲೂ ಅನ್ನಿಸಿತು. ಯಾವುದು ತನ್ನ ಮನಸ್ಸೆಂದು ಗೊತ್ತಾಗದೆ ತಲೆ ಗಿರ್ರೆಂದಿತು. ಆಗಲೇ ಮರೆವಯ್ಯ ಬಂದ. ಹೊಸ್ತಿಲ ಮೇಲೆ ಮನುಷ್ಯ ಕಂಡದ್ದೇ ತಡ, ಮಾಳಿಂಗನ ಬಾಯಿಂದ ಹಳೇ ಚಾಳಿ ಹೊರಬಿತ್ತು.

"ಬರ್ರಿ, ಬರ್ರಿ. ಊಟ ಆತೇನ್ರಿ?"

ಮರೆವಯ್ಯನ ಮುಖ ಬಿಳುಚಿಕೊಂಡಿತು. ಅವನನ್ನು ಈ ಮಾತು ಕೇಳುವ ಧೈರ್ಯ ಆ ರಾಜ್ಯದಲ್ಲಿ ಯಾರಿಗೂ ಇರಲಿಲ್ಲ. ಆದರೆ ಮಾಂತ್ರಿಕನಾದರೇನು, ಕಟ್ಟಳೆ ಎಂದರೆ ಕಟ್ಟಳೆ. ಹಲ್ಲು ಕಡಿಯುತ್ತಾ ಕೂತ. ಮಾಳಿಂಗ ರೊಟ್ಟಿ ಇಟ್ಟ, ಖಾರ ಇಟ್ಟ, ಉಳ್ಳಾಗಡ್ಡಿ ಜಜ್ಜಿ ಇಟ್ಟ. ಮೊದಲ ತುತ್ತು ನುಂಗಿದ್ದೇ ಮರೆವಯ್ಯನ ಕಣ್ಣಿಂದ ದಳದಳ ನೀರಿಳಿಯಿತು.

"ಖಾರ ಆತೇನ್ರಿ?"

"ಖಾರವಲ್ಲ. ಯಾಕೆ ಅಳು ಬರುತ್ತಿದೆಯೋ ನನಗೆ ಗೊತ್ತಿಲ್ಲ!"

"ನಿಮ್ಮೂರು ಯಾವುದ್ರಿ?" ಎಂದ ಮಾಳಿಂಗ ಮೆಲ್ಲಗೆ.

"ಗೊತ್ತಿಲ್ಲ. ಈ ವಿದ್ಯೆ ಕಲಿತಾಗ ಮೊದಲು ಕಿತ್ತದ್ದು ನನ್ನ ಎದೆಯದನ್ನೇ. ಎಲ್ಲಿ ಎಸೆದೆನೋ ನೆನಪಿಲ್ಲ."

ಉಂಡ ಮನೆಯಿಂದ ಕಡ್ಡಿ ಒಯ್ಯುವಂತಿಲ್ಲ ಎಂದಮೇಲೆ ತಾಯಿಯ ಮುಖ ಒಯ್ಯುವುದೆಲ್ಲಿ ಬಂತು? ಹಿಂದೆ ಒಯ್ದದ್ದು ಕೂಡ ದಕ್ಕಲಿಲ್ಲ. ಅವನ ಜೋಳಿಗೆ ಟರ್ರೆಂದು ಹರಿದು ವಾಸನೆಗಳೂ ಹೆಸರುಗಳೂ ತಾಯಂದಿರ ಮುಖಗಳೂ ಹೊರಗೆ ನುಗ್ಗಿದವು. ದೊಡ್ಡಿಯಲ್ಲಿ ಕುರಿಗಳು ಎರಡು ಕಾಲಿನ ಮೇಲೆ ಎದ್ದು ಮನುಷ್ಯರಾದವು. ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಅವ್ವನನ್ನು ಕರೆದು ಗೋಳೋ ಎಂದು ಅತ್ತರು. ಕಿವಿಯಲ್ಲಿ ಒಂಟಿಯಿದ್ದವನು ಓಡಿಬಂದು ಮಾಳಿಂಗನನ್ನು ತಬ್ಬಿಕೊಂಡ. ಅವನು ಮೊದಲೇ ಬಂದು ಕಾಣೆಯಾಗಿದ್ದ ಸೋದರಮಾವನ ಮಗ ಅಮೋಗಿ! ಮಾಳಿಂಗನ ಎದೆಯ ನೋವು ಮೊದಲಿಗಿಂತ ಜೋರಾಗಿ ಮರಳಿತು. ಅವನು ಎದೆ ಹಿಡಿದುಕೊಂಡು, ಅಳುತ್ತಾ, ಹಿಗ್ಗಿ ನಕ್ಕ.

ಕೆಲವರು ಊರಿಗೆ ಹೋದರು, ಕೆಲವರು ಉಳಿದರು. ಮರೆವಯ್ಯನಿಗೆ ಹೋಗಲು ಊರಿರಲಿಲ್ಲ. ಅವನು ಮಾಳಿಂಗನ ಮನೆಯಲ್ಲೇ ಉಣ್ಣೆ ಹಿಂಜುತ್ತಾ ಉಳಿದ. ರಾಜನಿಗೆ ಒಳ್ಳೆಯ ಕಂಬಳಿ ಸಿಕ್ಕಿತು, ಮೀಸೆಯೂ ಉಳಿಯಿತು.

ಹಿಮ ಕರಗಿದ ಕಾಲಕ್ಕೆ ಮಾಳಿಂಗ ಅವ್ವನನ್ನು ನೋಡಲು ಊರಿಗೆ ಹೋದ. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ, ಹೊಟ್ಟೆ ತುಂಬ ಉಂಡ, ಕಣ್ತುಂಬ ನಿದ್ದೆ ಮಾಡಿದ. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಒಲೆಯ ಹೊಗೆ ನೆಟ್ಟಗೆ ಮೇಲೇರುವುದನ್ನು ನೋಡುತ್ತಾ ಕೂತವನಿಗೆ ಎದೆಯಲ್ಲಿ ಅದೇ ನೋವು! ಓರ್ಲೆ ಏನು ಮಾಡುತ್ತಿದ್ದಾಳೋ, ಆ ಮರುಳು ಮಾಂತ್ರಿಕ ಉಂಡನೋ ಇಲ್ಲವೋ.

"ಅವ್ವಾ, ನಂದು ಯಾವ ಊರು ಅಂತ ನನಗ ತಿಳೀವಲ್ದು," ಎಂದ.

ಅವ್ವ ರೊಟ್ಟಿ ಬುತ್ತಿ ಕಟ್ಟುತ್ತಾ, ಅಳುತ್ತಾ, ನಕ್ಕಳು. "ಅಲ್ಲಿದ್ರ ಇಲ್ಲಿಗೆ ಅಳ್ತಿ, ಇಲ್ಲಿದ್ರ ಅಲ್ಲಿಗೆ ಅಳ್ತಿ. ಎರಡೂ ಕಡೆ ನಿನ್ನ ಮಂದಿ ಅದಾರ ಅಂದಂಗಾತು. ಏಳು, ಬಿಸಿಲೇರೂದ್ರಾಗ ಹೊಂಡು."

ಮಾಳಿಂಗ ಹೊರಟ. ಆಮೇಲೆ ಅವರೆಲ್ಲ ಬಹುಕಾಲ ಸುಖವಾಗಿ ಬಾಳಿದರು, ಆಗಾಗ ಅತ್ತುಕೊಂಡೇ.