ಅವಳೊಬ್ಬಳಿಗೇ ಅನ್ನದ ‘ಮಿ ವಿದಾ’

"ವೇಪಾ! ಕಾಲ ಎತ್ರಿ, ಮಿ ವಿದಾ!"

ಗೋಕಾಕದ ಆ ಮಹಡಿ ಹಾಲ್‌ನಲ್ಲಿ ನೇತ್ರಾ ಗಕ್ಕನೆ ನಿಂತಳು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ, ಮಡಚಿ ಸೋತವಳು. ಸೊಂಟನೋವಿಗೆ ವ್ಯಾಯಾಮ ಮಾಡು ಎಂದು ಡಾಕ್ಟರ್ ಹೇಳಿದ್ದಕ್ಕೆ ಈ ಸಾಲ್ಸಾ ಕ್ಲಾಸಿಗೆ ಬಂದಿದ್ದಳು, ಅಷ್ಟೆ.

"ಏನಂದ್ರಿ ಸರ್?"

"‘ನನ್ನ ಜೀವ’ ಅಂತರಿ! ಸ್ಪ್ಯಾನಿಶ್. ಸಾಲ್ಸಾ ಹಾಡಿನಾಗ ಹಂಗ ಕೂಗ್ತಾರ. ವೇಪಾ ಅಂದ್ರ ಭಲೆ!"

ನಕ್ಕವನು ಗುರುಪಾದ. ಹಡಗಿನ ಅಡುಗೆಮನೆಯಲ್ಲಿ ದುಡಿದು, ಅಲ್ಲಿನ ಗೆಳೆಯರಿಂದ ಕುಣಿತ ಕಲಿತು ಊರಿಗೆ ಮರಳಿದ ಮಾಸ್ತರ.

ಅಯ್ಯೋ, ಹುಡುಗಿಯ ಎದೆ! ಮನೆಗೆ ಮರಳುವ ಹುಕ್ಕೇರಿ ಬಸ್ಸಿನಲ್ಲಿ ಕಂಬಕ್ಕೆ ಆತು ನಿಂತು ತುಟಿಯೊಳಗೇ ಅಂದುಕೊಂಡಳು... ಮಿ ವಿದಾ. ಯಾರೂ ಅವಳನ್ನು ಹಾಗೆ ಕರೆದವರಿರಲಿಲ್ಲ.

ಆದರೆ ಆ ಮಾತು ಎಲ್ಲರಿಗೂ ಇತ್ತು! ಮುದುಕಿ ಸಾತವ್ವನಿಗೂ ‘ಮಿ ವಿದಾ’. ಕಸ ಗುಡಿಸುವ ಲಕ್ಕವ್ವನಿಗೆ ‘ಮಿ ಸಿಯೆಲೊ’, ನನ್ನ ಆಕಾಶ ಅಂತೆ! ಅದನ್ನೂ ನೇತ್ರಾ ಸಹಿಸಿದಳು. ಬರುಬರುತ್ತ ಅವಳೊಬ್ಬಳಿಗೆ ಮಾತ್ರ ಅವನು ಏನೂ ಅನ್ನದಾದ. "ಎಡಗಾಲರಿ, ನೇತ್ರಾ ಅವ್ರ..." ಅಷ್ಟೇ.

‘ಊರಿಗೆಲ್ಲಾ ಹಂಚೂ ಮಾತು. ನನಗ ಅದೂ ಇಲ್ಲ...’

ದಣಿವು ಎಂಥ ಕೆಟ್ಟದ್ದು ನೋಡಿ. ಮೂಡಲಗಿಯ ಗಂಡಿನ ಕಡೆಯವರು ಒಪ್ಪಿಗೆ ಕೇಳಿದಾಗ ಹುಡುಗನ ಫೋಟೋ ಕೂಡ ಸರಿಯಾಗಿ ನೋಡದೆ, "ರವಿವಾರ ಹೂಂ ಅಂತ ಹೇಳಿಬಿಡವ್ವಾ" ಎಂದಳು ತಾಯಿಗೆ. ಮರುದಿನ ಸಂಜೆ ಕ್ಲಾಸ್ ಬಿಡುವುದನ್ನು ತಿಳಿಸಲು ಹೋದಳು.

"ಲಗ್ನ ಗೊತ್ತಾಗಾಕತ್ತೈತ್ರಿ ಸರ್. ನಾಳಿಂದ ಬರಾಂಗಿಲ್ಲ."

ಗುರುಪಾದ ಹಾಡು ನಿಲ್ಲಿಸಿದ. ತಲೆ ತಗ್ಗಿಸಿ ಸ್ಪೀಕರಿನ ವೈರು ಸುತ್ತತೊಡಗಿದ.

"ಎಲಾ ಹೇತಲಾಂಡಿ, ಅಂಜುಬುರುಕಾ!" ಸಾತವ್ವ ರೇಗಿದಳು. "ಹಲ್ಲ ಬಿದ್ದ ನನಗ ಜೀವ ಅಂತಿ, ಈಕಿ ಮುಂದ ಬಾಯಿಗಿ ಬೀಗ ಹಾಕ್ಕೊಂಡಿಯಲ್ಲೋ! ನಡೀರೇ, ಕೆಳಗ ಹೋಗೂಣು."

ಹೆಂಗಸರೆಲ್ಲ ಇಳಿದು ಹೋದರು.

"ನನಗ ಅನ್ನೂದ ಯಾಕ ಬಿಟ್ರಿ?" ನೇತ್ರಾ ಕೇಳಿದಳು.

"ಅದು ಹಾಡಿನ ಮಾತ್ರಿ, ಯಾರಿಗರೆ ಅನಬಹುದು. ನಿಮಗ ಅನ್ನೂ ಮುಂದ ಅದು ಖರೇನ ಆತು... ಖರೆ ಇದ್ದದ್ದನ್ನ ಹಾಲ್ ತುಂಬ ಹೆಂಗ ಒದರ್ಲಿ?"

ಅವಳು ಬೆಂಚಿನ ಮೇಲೆ ಕುಸಿದಳು. ಅತ್ತಳು ಅಂದುಕೊಂಡಿರಾ? ಅಳುವಷ್ಟು ತ್ರಾಣ ಯಾರಿಗಿತ್ತು! ಫೋನ್ ತೆಗೆದಳು.

"ಅವ್ವಾ, ಮೂಡಲಗಿಯವ್ರಿಗಿ ಬ್ಯಾಡ ಅಂತ ಹೇಳ... ಮನಿಗಿ ಬಂದ ಎಲ್ಲಾ ಹೇಳ್ತೇನಿ."

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಕರೆಯುವುದಿಲ್ಲ. ಪ್ರಾಸದ ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳುತ್ತಾರೆ. ನೇತ್ರಾ ಕಣ್ಣು ಮುಚ್ಚಿ, ಮೆಲ್ಲಗೆ ಅಂದಳು:

"ಸೀರಿ ಮಡಚಿ ಸೋತ ಕೈಗಿ ಬೇಕೊಂದ ಆಸರ,
ಒಡಪಿನ್ಯಾಗ ಹೇಳತೇನಿ ಗುರುಪಾದರ ಹೆಸರ."

ಗುರುಪಾದ ಬೆಂಚಿನ ಹತ್ತಿರ ಬಂದ.

"ಅದು... ಲಗ್ನ ಆದಾಕಿ ಹೇಳೂದಲ್ಲೇನ್ರಿ?"

"ಗೊತ್ತೈತಿ."

"ಇನ್ನೊಮ್ಮೆ ಹೇಳ್ರಿ..."

"ಇವತ್ತ ಇಷ್ಟ ಸಾಕು. ಕಾಲ ಬಾಳ ನೋಯಾಕತ್ತಾವು. ಬಸ್‌ಸ್ಟ್ಯಾಂಡ್ ತನಾ ಬರ್ರಿ... ಮುಂದ ಮುಂದ ಹೋಗಬ್ಯಾಡ್ರಿ, ನನ್ನ ಬಾಜೂ ನಡೀರಿ."