ಸೊಳ್ಳೆ ಹಚ್ಚಿದ ಅಂಟು

"ಈ ಅಂಟು ಸುರಿದ ಮಹಾರಾಯ ಯಾರು?"

ರಿಪೇರಿ ಅಂಗಡಿಯ ಆಂಟಿ ಗಿಟಾರನ್ನು ದೀಪಕ್ಕೆ ಹಿಡಿದು ಕೇಳಿದರು. ತಂತಿ ಬಿಗಿಯುವ ಬಿರಡೆಗಳಿದ್ದ ಅದರ ತಲೆ ಕತ್ತಿನಿಂದ ಪೂರ್ತಿ ಮುರಿದು, ತಂತಿಗಳಿಗೆ ಜೋತುಬಿದ್ದಿತ್ತು.

"ಮಹಾರಾಯ ಅಲ್ಲ ಆಂಟಿ, ನಾನೇ" ಎಂದಳು ಸೊಳ್ಳೆ, ತನ್ನ ಚಪ್ಪಲಿ ನೋಡುತ್ತಾ.

ಸೊಳ್ಳೆ ಅನ್ನುವುದು ಅಕ್ಕ ಇಟ್ಟ ಹೆಸರು. ಯಾವಾಗಲೂ ಕಿವಿಯ ಹತ್ತಿರ ಗುಂಯ್ ಅನ್ನುತ್ತಾಳಂತೆ! ಅಕ್ಕ ನರ್ಸಿಂಗ್ ಓದಲು ದೂರದ ಹಾಸ್ಟೆಲ್ ಸೇರಿದ ಮೇಲೆ ಮನೆಯಲ್ಲಿ ಹಾಗೆ ಕರೆಯುವವರಿಲ್ಲ. ಅಮ್ಮ ಕೆಲಸದಿಂದ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಸ್ಕೂಲಿನಿಂದ ಬಂದು ಬೀಗ ತೆಗೆದರೆ ಫ್ರಿಜ್ಜಿನ ಸದ್ದೊಂದೇ. ಸೊಳ್ಳೆಗೆ ಅಳು ಬರುತ್ತಿತ್ತು. ಅದಕ್ಕೇ ಅಕ್ಕನ ಗಿಟಾರನ್ನು ಮೊಳೆಯಿಂದ ಇಳಿಸಿ ಒಂದೊಂದೇ ತಂತಿ ಮೀಟುತ್ತಾ ಕೂರುತ್ತಿದ್ದಳು. "ಮುಟ್ಟಿದ್ರೆ ನೋಡು!" ಎಂದು ಅಕ್ಕ ಹೇಳಿ ಹೋಗಿದ್ದರೂ ಸರಿ.

ಹೋದ ವಾರ ಅದು ಕೈಜಾರಿ ಬಿತ್ತು. ಕತ್ತು ಅರ್ಧ ಸೀಳಿತು. ಸೊಳ್ಳೆ ಬಿರುಕಿಗೆ ಅಂಟು ಸುರಿದು ಒತ್ತಿ ಹಿಡಿದಳು. ತಂತಿ ಸಡಿಲವಾಗಿದ್ದರೆ ಅಕ್ಕ ಬಂದಾಗ ಗೊತ್ತಾದೀತು ಎಂದು, ಅಂಟು ಒಣಗುವ ಮೊದಲೇ ಎಲ್ಲವನ್ನೂ ಬಿಗಿದೂ ಬಿಟ್ಟಳು. ಟಪ್! ಇದ್ದ ಅರ್ಧವೂ ಹೋಯಿತು.

ಅವತ್ತೇ ಅಕ್ಕ ಫೋನ್ ಮಾಡಿ "ಹೇಗಿದೀಯಾ?" ಎಂದಾಗ, ಸೊಳ್ಳೆ ಎಂದಿನಂತೆ "ಸೂಪರ್" ಎಂದಳು. "ನೀನು?" ಅಂದರೆ ಅಕ್ಕನದೂ ಅದೇ, "ಸೂಪರ್." ಪ್ರತಿ ಸಲವೂ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಗಿಟಾರಿನ ವಿಷಯ ತಿಳಿದು ಅಕ್ಕ ಅಷ್ಟನ್ನೂ ನಿಲ್ಲಿಸಿಬಿಟ್ಟರೆ?

"ಇದರ ಮೇಲೇ ಇನ್ನೊಂದ್ಸಲ ಗಟ್ಟಿಯಾಗಿ ಅಂಟಿಸಿಬಿಡಿ ಆಂಟಿ. ಅಕ್ಕಂಗೆ ಗೊತ್ತಾಗ್ಬಾರ್ದು."

"ಅಂಟಿನ ಮೇಲೆ ಅಂಟು ನಿಲ್ಲಲ್ಲ ಮರಿ. ಮರಕ್ಕೆ ಮರ ತಾಗ್ಬೇಕು. ಮೊದ್ಲು ನೀನು ಸುರಿದಿರೋದೆಲ್ಲ ಕೆರೆದು ತೆಗೀಬೇಕು. ಹ್ಞೂಂ, ದೀಪ ಹಿಡ್ಕೋ."

ಆಂಟಿ ತಂತಿಗಳನ್ನು ಬಿಚ್ಚಿ, ಸಣ್ಣ ಉಳಿಯಿಂದ ಕೆರೆಯುತ್ತಾ ಹೋದರು. ಗಾಜಿನಂತೆ ಗಟ್ಟಿಯಾಗಿದ್ದ ಅಂಟು ಚೂರುಚೂರೇ ಉದುರಿ, ಕೆಳಗಿನ ಬರೀ ಮರ ಕಾಣಿಸಿತು. ಆಮೇಲೆ ಹೊಸ ಅಂಟು ಸವರಿ, ತಲೆಯನ್ನು ಕತ್ತಿಗೆ ಕೂರಿಸಿ, ಒತ್ತಿ ಹಿಡಿಯುವ ಕ್ಲಾಂಪ್ ತಿರುಗಿಸಿ ಬಿಗಿದರು.

"ಗೆರೆ ಕಾಣುತ್ತಾ ಆಂಟಿ?"

"ಕಾಣುತ್ತೆ. ಆದ್ರೆ ಅಂಟು ಬಿಡಲ್ಲ. ನಾಳೆ ಅಮ್ಮನ್ನ ಕರ್ಕೊಂಡು ಬಂದು ತಗೊಂಡ್ ಹೋಗು. ತಂತಿ ಹಾಕೋಕೆ ಮಾತ್ರ ಅವಸರ ಮಾಡ್ಬೇಡಿ."

ರಾತ್ರಿ ಅಮ್ಮ ಬಂದ ಮೇಲೆ ಸೊಳ್ಳೆ ಅವಳ ಫೋನ್ ಹಿಡಿದು ಅಕ್ಕನ ಮಂಚದ ಮೇಲೆ ಕೂತಳು.

"ಏನೇ ಸೊಳ್ಳೆ, ಹೇಗಿದೀಯಾ?"

ನಾಲಿಗೆಯ ತುದಿಗೆ ಬಂದ 'ಸೂಪರ್' ಅನ್ನು ಸೊಳ್ಳೆ ನುಂಗಿದಳು.

"ಅಕ್ಕಾ, ನಿನ್ನ ಗಿಟಾರ್ ಮುರಿದೆ. ಬಚ್ಚಿಡೋಕೆ ಹೋಗಿ ಇನ್ನೂ ಹಾಳು ಮಾಡ್ದೆ. ಈಗ ತಂತಿ ಬಿಚ್ಚಿ ರಿಪೇರಿ ಮಾಡ್ತಿದಾರೆ. ಆಮೇಲೆ... ನಾನು ಚೆನ್ನಾಗಿಲ್ಲ ಅಕ್ಕಾ. ಸ್ಕೂಲಿಂದ ಬಂದ್ರೆ ಮನೇಲಿ ಯಾರೂ ಇರಲ್ಲ."

ಬೈಗುಳಕ್ಕೆ ಕಣ್ಣು ಮುಚ್ಚಿ ಕಾದಳು. ಆ ಕಡೆಯಿಂದ ಮೂಗು ಎಳೆದುಕೊಳ್ಳುವ ಸದ್ದು ಬಂತು.

"ಅಳ್ತಿದೀಯಾ? ಗಿಟಾರ್‌ಗಾ?"

"ಗಿಟಾರ್ ಮನೆ ಹಾಳಾಗ್ಲಿ! ಇಲ್ಲೂ ನಂಗೆ ಯಾರೂ ಇಲ್ಲ ಕಣೇ. ನಾನೂ ಸುಮ್ನೆ ಸೂಪರ್ ಅಂತಿದ್ದೆ."

ಸೊಳ್ಳೆ ಗೋಡೆಯ ಖಾಲಿ ಮೊಳೆಯನ್ನೇ ನೋಡಿದಳು.

"ತಂತಿ ಹಾಕಿಸ್ಬೇಡ" ಎಂದಳು ಅಕ್ಕ. "ನಾನು ಬಂದ್ಮೇಲೆ ಇಬ್ರೂ ಸೇರಿ ಹಾಕೋಣ."

ಸೊಳ್ಳೆ ಫೋನನ್ನು ಬಾಯಿಯ ಹತ್ತಿರ ತಂದು, "ಗುಂಯ್" ಎಂದಳು.

ಆ ಕಡೆಯಿಂದಲೂ ಬಂತು, "ಗುಂಯ್."